ಹಲಗೆಯಲ್ಲಿ ಕೇಳಿದ್ದು

ಜನವರಿ 6, ಸೋಮವಾರ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಮೊದಲು ಹೊಸ ಅವಧಿ ಶುರುವಾಯಿತು, ಬೆಳಿಗ್ಗೆ ಚಳಿ ಇತ್ತು ಎಂದೆಲ್ಲ ಅರ್ಧ ಪುಟ ಬರೆದು, ಹರಿದು ಹಾಕಿದೆ. ಯಾರೂ ಓದದ ಪುಸ್ತಕದಲ್ಲೂ ಮುಚ್ಚಿಟ್ಟರೆ ಇನ್ನೆಲ್ಲಿ ಹೇಳುವುದು?

ನನಗೆ ಎಡಗಿವಿ ಕೇಳುವುದಿಲ್ಲ. ಬಲಗಿವಿ ಅರ್ಧ ಕೇಳುತ್ತದೆ. ಉಳಿದ ಅರ್ಧವನ್ನು ಎದುರಿನವರ ತುಟಿ ನೋಡಿ ತುಂಬಿಕೊಳ್ಳುತ್ತೇನೆ. ರಂಗಶಾಲೆಯ ಅರ್ಜಿಯಲ್ಲಿ 'ದೃಷ್ಟಿ, ಶ್ರವಣ, ಚಲನೆಯ ತೊಂದರೆ ಇದೆಯೇ?' ಎಂದು ಕೇಳಿದ್ದರು. 'ಇಲ್ಲ' ಎಂದು ಬರೆದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ತಪ್ಪು ಮಾಹಿತಿ ಕೊಟ್ಟವರ ಪ್ರವೇಶ ರದ್ದಾಗುತ್ತದೆ ಎಂದೂ ಇತ್ತು. ಅದನ್ನೂ ಓದಿಯೇ ಸಹಿ ಹಾಕಿದೆ.

ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು ನಲವತ್ತನಾಲ್ಕಕ್ಕೆ ಪ್ರಾಚೀನ ನಾಟಕಗಳ ಅಭಿನಯದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದ್ದೇನೆ. ತರಗತಿಯಲ್ಲಿ ಹನ್ನೊಂದು ಜನ. ನನ್ನನ್ನು ಬಿಟ್ಟರೆ ಎಲ್ಲರಿಗೂ ಇಪ್ಪತ್ತೆರಡು, ಇಪ್ಪತ್ತಮೂರು. ಈ ವರ್ಷದ ಕೊನೆಯ ಪ್ರದರ್ಶನ ನೋಡಿ ಆರು ಜನರನ್ನು ಮಾತ್ರ ಎರಡನೆಯ ವರ್ಷಕ್ಕೆ ತೆಗೆದುಕೊಳ್ಳುತ್ತಾರೆ. ಆ ಆರರಲ್ಲಿ ನಾನಿರಬೇಕು.

ಅಭಿನಯಿಸುವ ಭಾಷೆಯಲ್ಲೇ ದಿನಕ್ಕೊಂದು ಪುಟ ಬರೆಯಬೇಕು ಎಂಬುದು ಧ್ವನಿಪಾಠದ ಟೀಚರ್ ಕೊಟ್ಟ ಕೆಲಸ; ಬರೆದದ್ದನ್ನು ಅವರಿಗೆ ತೋರಿಸಬೇಕಾಗಿಲ್ಲ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲೆಲ್ಲ ಇಂಗ್ಲಿಷಿನಲ್ಲಿ ಓದಿ ಬೆಳೆದ ನನಗೆ ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತದೆ. ಹಿಡಿಯಲಿ.

ಜನವರಿ 9, ಗುರುವಾರ

ಪಾತ್ರ ಹಂಚಿದರು. ಹಳೆಯ ದುರಂತ ನಾಟಕ: ಊರ ಬಾಗಿಲು ಮುಚ್ಚಿಸಿದ ರಾಣಿ, ಬಾಗಿಲ ಹೊರಗೆ ಉಳಿದುಹೋಗುವ ಅವಳ ತಮ್ಮ. ನಾನು ದೂತನ ಪಾತ್ರ ಕೇಳಿದ್ದೆ. ದೂತ ಒಬ್ಬನೇ ಬಂದು, ನಡೆದದ್ದನ್ನು ನೂರು ಸಾಲಿನಲ್ಲಿ ಹೇಳಿ ಹೋಗುತ್ತಾನೆ. ಯಾರ ಮಾತಿಗೂ ಕಾಯಬೇಕಾಗಿಲ್ಲ.

ನಾಟಕ ಆಡಿಸುವ ಮೇಷ್ಟ್ರು ಪಟ್ಟಿ ಓದಿದರು. ನನಗೆ ಮೇಳದ ಹಿರಿಯಳ ಪಾತ್ರ. ಊರ ಹೆಂಗಸರ ಮೇಳಕ್ಕೆ ಮುಂದಾಳು, ರಾಣಿಯ ಪ್ರತಿ ಮಾತಿಗೂ ಎದುರು ಮಾತು ಅವಳದೇ.

"ಸರ್, ನನಗೆ ದೂತ..." ಎಂದೆ.

"ಒಬ್ಬರೇ ನಿಂತು ಮಾತಾಡೋದು ನಿಮಗೆ ಗೊತ್ತಿದೆ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದೀರಲ್ಲ. ಇನ್ನೊಬ್ಬರು ಮಾತಾಡುವಾಗ ಏನು ಮಾಡ್ತೀರೋ ನೋಡಬೇಕು."

ಮನೆಯಲ್ಲಿ ಅತ್ತೆಗೆ ಹೇಳಿದೆ, ಕೊನೆಯ ದೃಶ್ಯದಲ್ಲಿ ನಾನು ನೆಲಕ್ಕೆ ಬಿದ್ದು ಅಳಬೇಕು ಎಂದು. "ಅಳೋದು ಕಲಿಯೋಕೂ ಕಾಲೇಜು ಬೇಕಾ? ನನ್ನ ಮಗನ್ನ ಕಟ್ಕೊಂಡು ಇಷ್ಟು ವರ್ಷ ಆಯ್ತು, ಇನ್ನೂ ಅಭ್ಯಾಸ ಆಗಿಲ್ವಾ?" ಎಂದರು. ಇವರು ಪೇಪರಿನ ಹಿಂದೆ ನಕ್ಕರು. ಇವರಿಗೆ ನನ್ನ ಕಿವಿಯ ವಿಷಯ ಗೊತ್ತು. ದಾರಿಯಲ್ಲಿ ಯಾವಾಗಲೂ ನನ್ನ ಬಲಕ್ಕೇ ನಡೆಯುತ್ತಾರೆ. ಅರ್ಜಿಯ ವಿಷಯ ಮಾತ್ರ ಗೊತ್ತಿಲ್ಲ.

ಜನವರಿ 20, ಸೋಮವಾರ

ದಾರಿ ಸಿಕ್ಕಿತು. ಎಲ್ಲರ ಮಾತನ್ನೂ ನಾನೇ ಬಾಯಿಪಾಠ ಮಾಡುವುದು. ರಾಣಿಯದು, ದೂತನದು, ಕಾವಲುಗಾರನದು. ಪ್ರತಿ ಸಾಲಿಗೆ ಎಷ್ಟು ಹೊತ್ತು ಎಂದು ಗಡಿಯಾರ ಇಟ್ಟು ಬರೆದುಕೊಂಡಿದ್ದೇನೆ. ರಾಣಿಯ ದೊಡ್ಡ ಮಾತು ಹದಿನಾರು ಸಾಲು, ಐವತ್ತೆಂಟು ಎಣಿಕೆ. ಐವತ್ತೊಂಬತ್ತಕ್ಕೆ ನಾನು ಬಾಯಿ ತೆರೆದರೆ ಸರಿ.

ರಾಣಿಯ ಪಾತ್ರದ ಹುಡುಗಿಗೆ ಸಾಲುಗಳು ಗಟ್ಟಿಯಾಗಿಲ್ಲ. ಅವಳಿಗಿಂತ ಅವಳ ಪಾತ್ರ ನನಗೇ ಚೆನ್ನಾಗಿ ಗೊತ್ತು. ಅಭ್ಯಾಸದ ನಡುವೆ ವಟವಟ ಮಾತು, ಕಿಸಿಕಿಸಿ ನಗು. ಇವತ್ತು ನನ್ನ ಹಿಂದೆ ನಿಂತು ಇಬ್ಬರೊಡನೆ ಏನೋ ಹೇಳಿ ನಕ್ಕಳು. ನಾನು ತಿರುಗಲಿಲ್ಲ.

ಫೆಬ್ರವರಿ 3, ಸೋಮವಾರ

ಮುಖವಾಡಗಳು ಬಂದವು. ಮರದ ತಿರುಳಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಮಾಡಿದವು. ಹಣೆಯಿಂದ ಗದ್ದದವರೆಗೆ, ಕಿವಿಯನ್ನೂ ಸೇರಿಸಿ ತಲೆಯ ಸುತ್ತ ಕೂರುತ್ತವೆ. ಬಾಯಿಯ ಜಾಗದಲ್ಲಿ ಅರೆತೆರೆದ ಮರದ ತುಟಿ. ಅದು ಅಲುಗುವುದಿಲ್ಲ.

ಮುಖವಾಡ ಇರುತ್ತದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಳೆಯ ನಾಟಕ ಎಂದರೆ ಮುಖವಾಡ. ಕಣ್ಣಿಗಷ್ಟೇ ಕಟ್ಟುವ ಅರ್ಧ ಮುಖವಾಡ ಕೊಡುತ್ತಾರೆ ಎಂದು ಯಾರೂ ಹೇಳದಿದ್ದರೂ ನಂಬಿಕೊಂಡಿದ್ದೆ.

ಸಂಜೆ ಡಾಕ್ಟರ ಹತ್ತಿರ ಹೋಗಿ ಬಲಗಿವಿಗೆ ಒಂದು ಯಂತ್ರ ಪರೀಕ್ಷೆಗೆಂದು ತಂದೆ. ಮುಖವಾಡದ ಬದಲು ಮನೆಯಲ್ಲಿ ದೊಡ್ಡ ಪಾತ್ರೆಯನ್ನು ತಲೆಗೆ ಹಾಕಿಕೊಂಡು ನೋಡಿದೆ. ಯಂತ್ರ ಕೀ ಎಂದು ಸಿಳ್ಳೆ ಹೊಡೆಯಿತು. ಅತ್ತೆ ಅಡುಗೆಮನೆಯಿಂದ ಓಡಿ ಬಂದು, "ಕುಕ್ಕರ್ ಇಟ್ಟೇ ಇಲ್ವಲ್ಲೇ!" ಎಂದರು. ಪಾತ್ರೆಯೊಳಗಿನ ನನ್ನನ್ನು ನೋಡಿ ಮುಂದೆ ಏನೂ ಕೇಳಲಿಲ್ಲ. ಅವರು ಸುಮ್ಮನಾಗುವುದು ವರ್ಷಕ್ಕೆ ಒಂದೆರಡು ಸಲ.

ಯಂತ್ರ ವಾಪಸ್ಸು ಕೊಡಬೇಕು. ಎಣಿಕೆಯೇ ಗತಿ.

ಫೆಬ್ರವರಿ 5, ಬುಧವಾರ

ಬರೆಯಲೇಬೇಕು ಎಂದು ಬರೆಯುತ್ತಿದ್ದೇನೆ.

ಮುಖವಾಡದಲ್ಲಿ ಮೊದಲ ಪೂರ್ತಿ ಅಭ್ಯಾಸ. ರಾಣಿ ದೊಡ್ಡ ಮಾತು ಶುರು ಮಾಡಿದಳು. ತಮ್ಮನ ಸಾವನ್ನು ಅವಳೇ ಒಪ್ಪಿಕೊಳ್ಳುವ ಮಾತು, ಸಾವು ಬರುವುದು ಹದಿನಾರನೆಯ ಸಾಲಿನಲ್ಲಿ. ನಾನು ಎಣಿಸಿದೆ. ಐವತ್ತೆಂಟು. ಐವತ್ತೊಂಬತ್ತಕ್ಕೆ ಮೊಣಕಾಲೂರಿ, ಎದೆ ಹೊಡೆದುಕೊಂಡು, "ಅಯ್ಯೋ ತಾಯೇ, ಮಡಿದನೇ ನಿನ್ನ ತಮ್ಮ!" ಎಂದು ಕೂಗಿದೆ. ಕೂಗು ಚೆನ್ನಾಗಿಯೇ ಬಂತು.

ರಾಣಿ ಮುಖವಾಡ ಎತ್ತಿ ಹೇಳಿದಳು: "ಅಕ್ಕಾ, ನಾನಿನ್ನೂ ಅವನನ್ನ ಸಾಯಿಸಿಲ್ಲ!"

ನಾಲ್ಕನೆಯ ಸಾಲಿನಲ್ಲೇ ಅವಳಿಗೆ ಮರೆತುಹೋಗಿತ್ತಂತೆ. ಮೇಷ್ಟ್ರು ಎಡಗಡೆಯ ಕುರ್ಚಿಯಿಂದ "ನಿಲ್ಲಿಸಿ, ಮೊದಲಿಂದ" ಎಂದಿದ್ದರಂತೆ. ಎಲ್ಲರೂ ನಿಂತಿದ್ದರಂತೆ. ನಾನೊಬ್ಬಳು ಬದುಕಿದ್ದವನಿಗೆ ಅಳುತ್ತಿದ್ದೆ. ದೂತನ ಪಾತ್ರದವನು ಪಕ್ಕದಿಂದ ತಲೆ ಹಾಕಿ, "ಹಾಗಾದ್ರೆ ನಾನು ಮನೆಗೆ ಹೋಗ್ಲಾ ಸರ್?" ಎಂದ. ಎಲ್ಲರೂ ನಕ್ಕರು.

ಮೇಷ್ಟ್ರು ನಗಲಿಲ್ಲ. ನನ್ನ ಹತ್ತಿರ ಬಂದು, ತುಟಿ ಕಾಣುವ ಹಾಗೆಯೇ ನಿಂತು ಹೇಳಿದರು. "ಮರೆತರೆ ಕ್ಷಮಿಸ್ತೀನಿ. ಎಡವಿದರೂ ಕ್ಷಮಿಸ್ತೀನಿ. ಆದರೆ ಎದುರಿನವರು ಹೇಳದೇ ಇರೋದಕ್ಕೆ ಉತ್ತರ ಕೊಡೋ ನಟರನ್ನ ಈ ಶಾಲೆ ಎರಡನೇ ವರ್ಷಕ್ಕೆ ಕಳಿಸಿದ ನೆನಪು ನನಗಿಲ್ಲ."

ಫೆಬ್ರವರಿ 6, ಗುರುವಾರ

ಹೋದೆ. ಬಂದೆ.

ಫೆಬ್ರವರಿ 11, ಮಂಗಳವಾರ

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಿದ್ದಾಗ ರಾಣಿ ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ಬೇಕೆಂದೇ ಮುಂದೆ ಕೂತಳು ಎಂದು ಆಮೇಲೆ ಗೊತ್ತಾಯಿತು.

"ಸರ್ಕಾರ, ಒಂದು ಅರ್ಜಿ ಇದೆ," ಎಂದಳು.

"ಅದೇನದು, 'ಸರ್ಕಾರ' ಅಂತ?" ಎಂದೆ.

"ನಿಮ್ಮ ಹೆಸರು. ನಾವಿಟ್ಟಿದ್ದು. ನಿಮ್ಮನ್ನ ಮೂರು ಸಲ ಕರೆದ್ರೂ ತಿರುಗಿ ನೋಡಲ್ಲ. ನಾಲ್ಕನೇ ಸಲ ಎದುರಿಗೆ ಬಂದು ನಿಂತರೆ 'ಹೇಳಿ' ಅಂತೀರಿ. ಸರ್ಕಾರಿ ಆಫೀಸಿನ ಹಾಗೆ."

ಅವಳ ತುಟಿಯಿಂದ ಕಣ್ಣು ತೆಗೆಯದೆ ನಾನು ಬಟ್ಟೆ ಮಡಚತೊಡಗಿದೆ.

"ಜಂಭ ಅಂದ್ಕೊಂಡಿದ್ವಿ ಅಕ್ಕ. ಟೀಚರ್ ಅಲ್ವಾ, ನಮ್ಮನ್ನೆಲ್ಲ ಸ್ಕೂಲ್ ಮಕ್ಕಳ ಹಾಗೆ ನೋಡ್ತಾರೆ ಅಂತ. ಆದ್ರೆ ಮೊನ್ನೆ ಮೇಷ್ಟ್ರು 'ನಿಲ್ಲಿಸಿ' ಅಂದಾಗ ನಾನು ನಿಮ್ಮನ್ನೇ ನೋಡ್ತಿದ್ದೆ. ನಿಮಗೆ ಅದು ಬರಲೇ ಇಲ್ಲ. ಯಾವ ಕಿವಿ?"

'ಎಡ' ಎಂದೆ. ಆಮೇಲೆ, 'ಬಲವೂ ಸ್ವಲ್ಪ.' ಅರ್ಜಿಯಲ್ಲಿ ಬರೆದ ಸುಳ್ಳನ್ನೂ ಹೇಳಿದೆ. ಕಿವಿ ಹೋದಂದಿನಿಂದ ಈ ಹದಿಮೂರು ವರ್ಷದಲ್ಲಿ ಡಾಕ್ಟರನ್ನು ಬಿಟ್ಟು ಮನೆಯ ಹೊರಗೆ ಯಾರಿಗೂ ಹೇಳಿರದ ಮಾತು, ಎರಡು ನಿಮಿಷದಲ್ಲಿ ಮುಗಿಯಿತು.

"ಇಷ್ಟೇನಾ?" ಎಂದಳು. "ಮೊದಲೇ ಹೇಳಿದ್ರೆ ನಿಮ್ಮ ಬಲಗಡೆ ನಿಂತು ಬೈತಿದ್ವಿ."

ಫೆಬ್ರವರಿ 24, ಸೋಮವಾರ

ರಾಣಿಯ ಕೈಯಲ್ಲಿ ಅಧಿಕಾರದ ಕೋಲು ಇರುತ್ತದೆ, ಅವಳ ಹೆಗಲೆತ್ತರ. ನಮ್ಮ ರಂಗದ ನೆಲ ಮರದ ಹಲಗೆ, ಒಳಗೆ ಟೊಳ್ಳು. ಎಲ್ಲರೂ ಬರಿಗಾಲಲ್ಲಿ ಆಡುತ್ತೇವೆ. ಇದು ಹೊಳೆದದ್ದು ಅವಳಿಗೆ, ನನಗಲ್ಲ. ತನ್ನ ಮಾತಿನ ಕೊನೆಯ ಪದದ ಜೊತೆಗೆ ಕೋಲನ್ನು ಒಮ್ಮೆ ನೆಲಕ್ಕೆ ಊರುತ್ತಾಳೆ. ಜೋರಾಗಿ ಅಲ್ಲ. ಅದು ಹಲಗೆಯಲ್ಲಿ ಹರಿದು ನನ್ನ ಅಂಗಾಲಿಗೆ ಮುಟ್ಟುತ್ತದೆ. ಆಗ ನಾನು ಶುರು ಮಾಡಬೇಕು.

ಎರಡು ವಾರ, ತರಗತಿ ಮುಗಿದ ಮೇಲೆ ಒಂದೊಂದು ಗಂಟೆ. ನಾನು ಕಣ್ಣು ಮುಚ್ಚಿ ನಿಲ್ಲುತ್ತೇನೆ, ಅವಳು ಊರುತ್ತಾಳೆ. ಮೊದಲು ಐದು ಹೆಜ್ಜೆ ದೂರದಿಂದ, ಈಗ ಹನ್ನೆರಡು. ಹೇಳಿಕೊಡುವಾಗ ಅವಳಿಗೆ ತಾಳ್ಮೆ ಕಡಿಮೆ. "ಅಕ್ಕ, ನಿದ್ದೆ ಹೋದ್ರಾ? ಅಂಗಾಲಿಗೂ ವಯಸ್ಸಾಯ್ತಾ?" ಎನ್ನುತ್ತಾಳೆ. ಮತ್ತೆ ಊರುತ್ತಾಳೆ.

ಅವಳಿಗೆ ಇದು ಸುಲಭವಲ್ಲ. ಪ್ರತಿ ಮಾತಿನ ಕೊನೆಯನ್ನೂ ನೆನಪಿಟ್ಟು ಕೈ ಆಡಿಸಬೇಕು. ಆದ್ದರಿಂದಲೋ ಏನೋ, ಅವಳಿಗೆ ಈಗ ಸಾಲು ಮರೆಯುವುದಿಲ್ಲ.

ಮಾರ್ಚ್ 12, ಬುಧವಾರ

ಎಣಿಸುವುದನ್ನು ಬಿಟ್ಟಿದ್ದೇನೆ. ಬಿಟ್ಟದ್ದು ಯಾವ ದಿನ ಎಂದು ನೆನಪಿಲ್ಲ. ಮುಖವಾಡದ ಕಣ್ಣಿನ ಕಂಡಿಯಿಂದ ರಾಣಿಯ ಭುಜ ಕಾಣುತ್ತದೆ. ಮಾತಿಗೆ ಮೊದಲು ಭುಜ ಒಂದು ಕೂದಲೆಳೆ ಮೇಲೇಳುತ್ತದೆ. ಸುಳ್ಳು ಹೇಳುವ ಸಾಲಿಗೆ ಮೊದಲು ಏಳುವುದಿಲ್ಲ. ಇದನ್ನು ಅವಳಿಗೆ ಹೇಳಿದೆ. "ಅಯ್ಯೋ, ನನಗೇ ಗೊತ್ತಿರಲಿಲ್ಲ," ಎಂದಳು.

ಗೋಡೆಗೆ ಒಂದು ಕಲ್ಪನೆಯ ಗೆರೆ ಎಳೆದು, ಉಸಿರು ಅಲ್ಲಿಗೆ ಮುಟ್ಟುವವರೆಗೆ ಒಂದೇ ಸ್ವರ ಹಿಡಿಯುವ ಪಾಠ ಎರಡು ಗಂಟೆ ನಡೆಯಿತು. ಹೊಟ್ಟೆ ನೋಯುತ್ತಿದೆ. ಬರುವಾಗ ಅಂಗಡಿಯಲ್ಲಿ ಹಾಲು, ಬ್ರೆಡ್ಡು. ಅಂಗಡಿಯವನು ಏನೋ ಅಂದ. "ಈ ಕಡೆ ಬಂದು ಹೇಳಪ್ಪ, ಆ ಕಿವಿ ಕೇಳಲ್ಲ," ಎಂದೆ. ಮೊಸರು ಖಾಲಿ ಅಂತೆ. ನಾಳೆ ಬೇಗ ಹೋಗಬೇಕು.

ಮಾರ್ಚ್ 28, ಶುಕ್ರವಾರ

ಪ್ರದರ್ಶನ ಮುಗಿಯಿತು.

ಮುಂದಿನ ಸಾಲಿನಲ್ಲಿ ಮೇಷ್ಟ್ರು ಮತ್ತು ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರು. ಎರಡು ದೃಶ್ಯ ನೀರಿನ ಹಾಗೆ ಹರಿಯಿತು. ರಾಣಿ ಊರಿದಾಗಲೆಲ್ಲ ನನ್ನ ಕಾಲಿಗೆ ಬಂತು. ಮೂರನೆಯದರಲ್ಲಿ, ಅವಳ ದೊಡ್ಡ ಮಾತು ಮುಗಿಯುವ ಹೊತ್ತಿಗೆ ಸರಿಯಾಗಿ, ಹಿಂದೆ ಕಾವಲುಗಾರರ ಪ್ರವೇಶ. ಅಭ್ಯಾಸದಲ್ಲಿ ಮೆಲ್ಲಗೆ ಬರುತ್ತಿದ್ದವರು ಜನರನ್ನು ಕಂಡ ಹುರುಪಿಗೆ ದಬದಬ ಹೆಜ್ಜೆ ಹಾಕಿದರು. ಹಲಗೆಯೆಲ್ಲ ನಡುಗಿತು. ಅದರಲ್ಲಿ ಅವಳ ಕೋಲು ಯಾವುದು, ಇವರ ಕಾಲು ಯಾವುದು?

ನಾನು ಸುಮ್ಮನೆ ನಿಂತೆ. ಸತ್ತವನು ಸತ್ತನೋ ಇಲ್ಲವೋ ತಿಳಿಯದೆ ಅಳಲಾರೆ. ಆ ಮೌನ ಎಷ್ಟು ಉದ್ದವಿತ್ತೋ ಗೊತ್ತಿಲ್ಲ.

ಆಗ ಅವಳು ಅರಮನೆಯ ಮೆಟ್ಟಿಲ ಮೇಲಿನ ತನ್ನ ಜಾಗ ಬಿಟ್ಟು ಇಳಿದು ಬಂದಳು. ರಾಣಿ ಆ ದೃಶ್ಯದಲ್ಲಿ ಮೆಟ್ಟಿಲು ಇಳಿಯುವುದೇ ಇಲ್ಲ. ಇಡೀ ರಂಗ ದಾಟಿ ನನ್ನ ಬಲಕ್ಕೆ ಬಂದು ನಿಂತು, ಕೊನೆಯ ಸಾಲನ್ನು ಇನ್ನೊಮ್ಮೆ, ಮರದ ತುಟಿಯನ್ನು ನನ್ನ ಕಿವಿಯ ಹತ್ತಿರಕ್ಕೇ ತಂದು ಹೇಳಿದಳು: "ಬಾಗಿಲಿನಾಚೆ ಮಲಗಿದ್ದಾನೆ. ಇನ್ನು ತಟ್ಟುವುದಿಲ್ಲ."

ಆ ಸಾಲು ನನಗೆ ಜನವರಿಯಿಂದ ಬಾಯಿಪಾಠ. ಕೇಳಿದ್ದು ಇವತ್ತು. ಎದೆ ಹೊಡೆದುಕೊಳ್ಳಬೇಕಾದದ್ದು ಮರೆತೇಹೋಯಿತು. ಅವಳ ಕೈ ಹಿಡಿದುಕೊಂಡೆ. ನನ್ನ ಮಾತು ಬಹಳ ಸಣ್ಣಗೆ ಬಂತು. ಸಭೆ ಹೇಗಿತ್ತೆಂದು ಇವರನ್ನು ಕೇಳಿದೆ. "ಸೂಜಿ ಬಿದ್ರೆ ನಿಂಗೂ ಕೇಳ್ತಿತ್ತು," ಎಂದರು.

ಏಪ್ರಿಲ್ 2, ಬುಧವಾರ

ಪಟ್ಟಿ ಹಾಕಿದರು. ಆರನೆಯ ಹೆಸರು ನನ್ನದು.

ಏಳನೆಯದು ರಾಣಿಯದು, ಕೆಂಪು ಗೆರೆಯ ಕೆಳಗೆ.

ಪ್ರತಿಯೊಬ್ಬರಿಗೂ ಪರೀಕ್ಷಕರ ಟಿಪ್ಪಣಿಯ ಚೀಟಿ ಕೊಟ್ಟರು. ನನ್ನದರಲ್ಲಿ: 'ವರ್ಷದ ಆರಂಭಕ್ಕಿಂತ ಗಣನೀಯ ಸುಧಾರಣೆ. ಎದುರಿನ ನಟರನ್ನು ಆಲಿಸುತ್ತಾರೆ.' ಅವಳು ತನ್ನ ಚೀಟಿಯನ್ನು ಓದಿ ಮಡಚಿ ನನ್ನ ಕೈಗಿಟ್ಟಳು: 'ಸಮರ್ಥ ಧ್ವನಿ. ಆದರೆ ಪ್ರತಿ ಮಾತಿಗೂ ಕೋಲು ಕುಟ್ಟುವ ಚಟ ಪಾತ್ರದ ಘನತೆ ಕೆಡಿಸಿತು. ಮುಖ್ಯ ದೃಶ್ಯದಲ್ಲಿ ನಿಗದಿತ ಸ್ಥಾನ ತ್ಯಜಿಸಿ, ಸಾಲನ್ನು ಪುನರುಚ್ಚರಿಸಿದ್ದು ಶಿಸ್ತಿನ ಕೊರತೆ.'

"ಸರ್ಕಾರ ಗೆದ್ದಿತು," ಎಂದಳು. ನಕ್ಕಳು ಕೂಡ. ನಾನು ಬಾಯಿ ತೆರೆಯುವುದರೊಳಗೆ ಚೀಲ ಎತ್ತಿಕೊಂಡು ಹೊರಟಳು. ಬೆನ್ನು ಹಾಕಿಕೊಂಡೇ ಏನಾದರೂ ಹೇಳಿದಳೇನೋ, ನನಗೆ ಕೇಳಲಿಲ್ಲ.

ಏಪ್ರಿಲ್ 3, ಗುರುವಾರ

ಸಮಾಧಾನವಾಗಿ ಯೋಚಿಸಬೇಕು.

ಅವಳಿಗೆ ಇಪ್ಪತ್ತಮೂರು. ಮುಂದಿನ ವರ್ಷ ಮತ್ತೆ ಪ್ರಯತ್ನಿಸಬಹುದು. ನನಗೆ ಆ ವರ್ಷಗಳಿಲ್ಲ. ಕೆಲಸ ಬಿಟ್ಟು ಬಂದಿದ್ದೇನೆ. ಕೋಲಿನ ಉಪಾಯ ಅವಳದು, ನಾನು ಕೇಳಿದ್ದಲ್ಲ. ಟಿಪ್ಪಣಿ ಬರೆದದ್ದು ಪರೀಕ್ಷಕರು, ನಾನಲ್ಲ. ಈಗ ಬಾಯಿ ಬಿಟ್ಟರೆ ಅರ್ಜಿಯ ಸುಳ್ಳೂ ಹೊರಬರುತ್ತದೆ, ನನ್ನ ಪ್ರವೇಶವೇ ರದ್ದಾಗುತ್ತದೆ. ಅದರಿಂದ ಯಾರಿಗೆ ಲಾಭ?

ಇವರಿಗೆ ಅರ್ಜಿಯ ವಿಷಯ ಇವತ್ತು ಹೇಳಿದೆ. "ನೀನೇನೂ ಕದ್ದಿಲ್ಲ. ಕಷ್ಟಪಟ್ಟಿದ್ದೀಯ. ಸುಮ್ನಿರು," ಎಂದರು. ಸರಿ ಅನ್ನಿಸಿತು.

ಮೇಲೆ ಬರೆದದ್ದನ್ನು ಓದಿದೆ. ಶಾಲೆಯಲ್ಲಿ ಮಕ್ಕಳು ಮನೆಪಾಠ ತರದೆ ಹೇಳುತ್ತಿದ್ದ ಕಾರಣಗಳೂ ಹೀಗೆಯೇ ಇರುತ್ತಿದ್ದವು. ಎಲ್ಲವೂ ನಿಜ, ಮನೆಪಾಠ ಮಾತ್ರ ಇಲ್ಲ.

ಏಪ್ರಿಲ್ 6, ಭಾನುವಾರ

ಅವಳ ಅಕ್ಕನ ಹೊಲಿಗೆ ಅಂಗಡಿಗೆ ಹೋಗಿದ್ದೆ. ಅವಳು ಕಿಟಕಿಯ ಹತ್ತಿರ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಬಲಗೈ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟಿ, ಅದರ ತುದಿಯನ್ನು ಸೊಂಟದ ಬೆಲ್ಟಿಗೆ ಗಂಟು ಹಾಕಿಕೊಂಡಿದ್ದಳು. ಎಡಗೈಯಲ್ಲಿ ಸೂಜಿ.

"ಕೈಗೇನಾಯ್ತೇ?"

"ಏನಿಲ್ಲ ಅಕ್ಕ. ಒಂದು ನಾಟಕ ಕಂಪನಿಯವರು ಆಡಿಷನ್ನಿಗೆ ಕರೆದಿದ್ದಾರೆ. ಮಾತು ಹೇಳಿಕೊಳ್ಳುವಾಗ ಈ ಕೈ ತಾನೇ ಕುಟ್ಟುತ್ತೆ, ಕೋಲು ಇಲ್ಲದಿದ್ರೂ. ಚಟ ಬಿಡಿಸ್ತಾ ಇದ್ದೀನಿ."

"ಅದು ಚಟ ಅಲ್ಲ. ನಿನಗೂ ಗೊತ್ತು, ನನಗೂ ಗೊತ್ತು."

"ಮೊದಮೊದಲು ಹಾಗೇ ಅಂದ್ಕೊಂಡೆ. ಮೂರು ಜನ ದೊಡ್ಡವರು ಬರೆದಿದ್ದಾರಲ್ಲ, ನನ್ನಲ್ಲೇ ಏನೋ ಇರ್ಬೇಕು. ಶಿಸ್ತು ಕಡಿಮೆನೇ ಅಕ್ಕ ನನಗೆ, ಚಿಕ್ಕಂದಿನಿಂದ." ಹಲ್ಲಿನಿಂದ ದಾರ ಕತ್ತರಿಸಿದಳು.

"ನಾನು ರಂಗಶಾಲೆಯ ಮುಖ್ಯಸ್ಥರಿಗೆ ಬರೀತೀನಿ."

"ಬೇಡಿ! ಬರೆದ್ರೆ ನಿಮ್ಮನ್ನ ಕಳಿಸ್ತಾರೆ, ನನ್ನನ್ನೇನೂ ಕರೆಯಲ್ಲ. ಇಬ್ರೂ ಇಲ್ಲಿ ಕೂತು ಗುಂಡಿ ಹಾಕೋಣ ಅಂತೀರಾ? ನಮ್ಮಕ್ಕ ನಿಮ್ಮನ್ನ ಕೆಲಸಕ್ಕೆ ಇಟ್ಕೊಳ್ಳಲ್ಲ. ಕರೆದ್ರೆ ಬರಲ್ಲ ನೀವು."

ನಗಿಸಿದಳು. ಆದರೆ ಎದ್ದು ಬರುವಾಗ ಅವಳ ಕಟ್ಟಿದ ಕೈಯನ್ನು ನೋಡಿದೆ. ಸೀಟು ಹೋದದ್ದು ಒಂದು ನಷ್ಟ. ತಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸವನ್ನು ತನ್ನ ದೋಷ ಎಂದು ನಂಬಿ, ಅದನ್ನು ಕಟ್ಟಿಹಾಕುತ್ತಿದ್ದಾಳೆ. ಆ ಸೀಟಿನ ಮೇಲೆ ಕೂತಿರುವವಳು ನಾನು.

ಏಪ್ರಿಲ್ 8, ಮಂಗಳವಾರ

ಪತ್ರವನ್ನು ಮೊದಲು ಇಂಗ್ಲಿಷಿನಲ್ಲಿ ಬರೆದೆ. ಬಹಳ ಚೆನ್ನಾಗಿ ಬಂತು. ಎರಡು ಸಲ ಓದಿದೆ. ಯಾರು ಏನು ಮಾಡಿದರು ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ಹರಿದೆ.

ಏಪ್ರಿಲ್ 10, ಗುರುವಾರ

ಕನ್ನಡದಲ್ಲಿ ಒಂದೂವರೆ ಪುಟ ಆಯಿತು. ಅರ್ಜಿಯಲ್ಲಿ ಸುಳ್ಳು ಬರೆದೆ. ನನಗೆ ಎಡಗಿವಿ ಕೇಳುವುದಿಲ್ಲ. ಕೋಲು ಊರಿದ್ದು ನನಗಾಗಿ; ಮೂರನೆಯ ದೃಶ್ಯದಲ್ಲಿ ಅವಳು ಮೆಟ್ಟಿಲು ಇಳಿದದ್ದು ನಾನು ಸಿಕ್ಕಿಬಿದ್ದದ್ದರಿಂದ. ನನ್ನ ಚೀಟಿಯಲ್ಲಿ ಬರೆದಿರುವ ಹೊಗಳಿಕೆಯ ಅರ್ಧಕ್ಕಿಂತ ಹೆಚ್ಚು ಅವಳಿಗೆ ಸೇರಬೇಕಾದದ್ದು. ಅವಳ ಟಿಪ್ಪಣಿಯನ್ನು ತಿದ್ದಬೇಕು, ಇದು ಮೊದಲನೆಯ ಕೋರಿಕೆ. ಅದು ನನ್ನ ವಿಷಯದಲ್ಲಿ ಏನು ತೀರ್ಮಾನವಾಗುತ್ತದೆ ಎಂಬುದಕ್ಕೆ ಕಾಯಬಾರದು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸುಳ್ಳಿಗೆ ಶಿಕ್ಷೆ ಇದ್ದರೆ ತೆಗೆದುಕೊಳ್ಳುತ್ತೇನೆ, ಕಿವಿಗೆ ಶಿಕ್ಷೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದೆ. ನನ್ನನ್ನು ಇನ್ನೊಮ್ಮೆ ಪರೀಕ್ಷಿಸಿ: ಮುಖವಾಡ ಹಾಕಿ, ಇದೇ ಹಲಗೆಯ ಮೇಲೆ, ನಿಮಗೆ ಬೇಕಾದ ದೃಶ್ಯದಲ್ಲಿ. ಎದುರಿಗೆ ಯಾರಿದ್ದರೂ ಸರಿ, ನನಗೆ ಹೇಗೆ ತಿಳಿಸಬೇಕೆಂದು ಈ ಸಲ ಅವರಿಗೆ ನಾನೇ ಎಲ್ಲರೆದುರು ಹೇಳುತ್ತೇನೆ. 'ದಯವಿಟ್ಟು' ಎಂದು ಮೂರು ಕಡೆ ಬಂದಿತ್ತು. ಎರಡನ್ನು ಹೊಡೆದು ಹಾಕಿದೆ.

ಇವರಿಗೆ ಓದಿ ಹೇಳಿದೆ. "ನಾನು ಬೇಡ ಅಂದ್ರೆ ನಿಲ್ಲಿಸ್ತೀಯಾ?" ಎಂದರು. ಇಲ್ಲ ಎಂದೆ. ಲಕೋಟೆ ಹುಡುಕಿ ತಂದರು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಆ ಹುಡುಗೀನ ಒಂದಿನ ಊಟಕ್ಕೆ ಕರಿ," ಎಂದಷ್ಟೇ ಹೇಳಿದರು.

ಅವಳಿಗೆ ಫೋನ್ ಮಾಡಿದೆ. ಬಲಗಿವಿಗೆ ಒತ್ತಿ ಹಿಡಿದುಕೊಂಡು ಬೈಸಿಕೊಂಡೆ. ಪೂರ್ತಿ ಕೇಳಿದೆ, ಮಧ್ಯೆ ಒಂದು ಸಲ "ಇನ್ನೊಮ್ಮೆ ಹೇಳು, ಅದು ಕೇಳಿಸಲಿಲ್ಲ" ಎಂದೂ ಕೇಳಿದೆ. ಅದಕ್ಕೆ ಇನ್ನೂ ಜೋರಾಗಿ ಬೈದಳು. ಬೈದು ಮುಗಿದ ಮೇಲೆ, "ಯಾವಾಗ ಕಳಿಸ್ತೀರಿ?" ಎಂದಳು.

ಶಾಲೆಗೆ ರಜೆ, ಕೈಯಲ್ಲಿ ಕೊಡಲು ಯಾರೂ ಇರುವುದಿಲ್ಲ. ತಕರಾರು ಏನಿದ್ದರೂ ಪಟ್ಟಿ ಹಾಕಿದ ಹದಿನೈದು ದಿನದೊಳಗೆ ಅಂಚೆಯಲ್ಲೇ ಬರಬೇಕು. ಕೊನೆಯ ದಿನದವರೆಗೆ ಇಟ್ಟುಕೊಂಡರೆ ನನಗೆ ಮತ್ತೆ ಕಾರಣಗಳು ಹುಟ್ಟುತ್ತವೆ ಎಂದು ನನಗೆ ಗೊತ್ತು. ಅಂಚೆ ಕಚೇರಿ ಹತ್ತಕ್ಕೆ ತೆರೆಯುತ್ತದೆ. ರಿಜಿಸ್ಟರ್ಡ್ ಮಾಡಿಸಬೇಕು.

ನಾಳೆ, ಏಪ್ರಿಲ್ 11, ಶುಕ್ರವಾರ.